ಕಾರ್ಕಳದ ವೀರಪಾಂಡ್ಯ ಭೈರರಸ

ಉಡುಪಿಯಿಂದ ಹೊರಟು ಮಣಿಪಾಲ, ಹಿರಿಯಡ್ಕ, ಬೈಲೂರುಗಳನ್ನು ಹಾದು ಆಗ್ನೇಯಕ್ಕೆ ಸಾಗುವ ದಾರಿಯು ಸಹ್ಯಾದ್ರಿಯ ತಪ್ಪಲನ್ನು ಸಮೀಪಿಸುತ್ತ ಕಾರ್ಕಳವನ್ನು ಸೇರುತ್ತದೆ. ಆ ಊರಿನ ಅಂಚಿನಲ್ಲಿ ಬೋಳು ಬಂಡೆಯ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲೆ ಸುಮಾರು 42 ಅಡಿ ಎತ್ತರದ ಒಂದು ಶಿಲಾಮೂರ್ತಿ ನಿಂತಿದೆ. ತಲೆಯ ಮೇಲೆ ಕಿರೀಟವಿಲ್ಲ, ಕೈಯಲ್ಲಿ ಆಯುಧವಿಲ್ಲ, ಮೈಮೇಲೆ ನೂಲಿನ ಎಳೆಯೂ ಇಲ್ಲ. ಕಾಲುಗಳನ್ನೂ ತೋಳುಗಳನ್ನೂ ಬಳ್ಳಿಗಳು ಸುತ್ತಿಕೊಂಡಿವೆ. ಕರಾವಳಿಯ ಮಳೆಗಾಳಿಗೆ ಮೈಯೊಡ್ಡಿ ಆರು ಶತಮಾನಗಳಿಂದ ಆ ಮೂರ್ತಿ ಹಾಗೆಯೇ ನಿಂತಿದೆ. ಅದನ್ನು ಮಾಡಿಸಿದವನು ಒಬ್ಬ ಅರಸ. ಅದರಲ್ಲಿ ರೂಪುಗೊಂಡಿರುವವನೂ ಒಬ್ಬ ಅರಸನೇ. ಆದರೆ ಮಾಡಿಸಿದವನು ಸಿಂಹಾಸನದ ಮೇಲೆ ಕುಳಿತು ಆಳಿದವನು; ಮೂರ್ತಿಯಾಗಿ ನಿಂತವನು ಗೆದ್ದ ರಾಜ್ಯವನ್ನು ಬಿಟ್ಟು ನಡೆದವನು. ಈ ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನ ಕಥೆಯು ಒಬ್ಬ ಅರಸನ ಕಥೆಯಷ್ಟೇ ಅಲ್ಲ. ಅರಸೊತ್ತಿಗೆ ಎಂದರೇನು ಎಂಬುದನ್ನು ತಿಳಿಯುವುದಕ್ಕೂ ಅದು ನೆರವಾಗುತ್ತದೆ.

ವೀರಪಾಂಡ್ಯನು ಸಾಂತರರ ವಂಶದಲ್ಲಿ ಹುಟ್ಟಿದವನು. ಸಾಂತರರ ಮೂಲಸ್ಥಾನ ಇಂದಿನ ಶಿವಮೊಗ್ಗ ಜಿಲ್ಲೆಯ ಹೊಂಬುಜ. ಶಾಸನಗಳು ಅದನ್ನು ಪೊಂಬುಚ್ಚವೆಂದು ಕರೆಯುತ್ತವೆ. ಈ ವಂಶದ ಮೂಲಪುರುಷನಾದ ಜಿನದತ್ತರಾಯನ ವಿಷಯದಲ್ಲಿ ಒಂದು ಐತಿಹ್ಯವಿದೆ. ಆತನು ಉತ್ತರದೇಶದ ಮಧುರೆಯ ರಾಜಕುಮಾರ. ತಂದೆಯಾದ ಸಹಕಾರನು ದಾರಿತಪ್ಪಿ ನರಮಾಂಸದ ರುಚಿಗೆ ಬಿದ್ದನು. ಕೊನೆಗೆ ಮಗನನ್ನೇ ಕೊಲ್ಲಿಸುವ ಹವಣಿಕೆ ನಡೆಯಿತು. ಆಗ ಜಿನದತ್ತನು ಪದ್ಮಾವತೀದೇವಿಯ ವಿಗ್ರಹದೊಡನೆ ದಕ್ಷಿಣಕ್ಕೆ ಓಡಿಬಂದು ಹೊಂಬುಜದಲ್ಲಿ ಹೊಸ ರಾಜ್ಯವನ್ನು ಕಟ್ಟಿದನು. ಈ ಕಥೆಯನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೂ ಒಂದು ರಾಜಮನೆತನವು ತನ್ನ ಹುಟ್ಟನ್ನು ಕೆಟ್ಟ ಅರಸನೊಬ್ಬನಿಂದ ದೂರ ಸರಿದ ಮಗನಿಂದ ಆರಂಭಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಪ್ರಜೆಗಳನ್ನು ಕಾಯಬೇಕಾದವನೇ ಅವರನ್ನು ತಿನ್ನತೊಡಗಿದರೆ ಅವನು ಅರಸನಲ್ಲ ಎಂಬ ತಿಳಿವಳಿಕೆ ಆ ಕಥೆಯಲ್ಲಿದೆ.

ಮುಂದೆ ಈ ವಂಶದ ಒಂದು ಕವಲು ಘಟ್ಟದ ಮೇಲಿನ ಕಳಸದಲ್ಲಿ ನೆಲೆಸಿತು. ಕಳಸದ ಅರಸರು ಕ್ರಮೇಣ ಘಟ್ಟವನ್ನಿಳಿದು ಕಾರ್ಕಳವನ್ನೂ ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ಆದುದರಿಂದಲೇ ಇತಿಹಾಸಕಾರರು ಇವರದನ್ನು ಕಳಸ-ಕಾರ್ಕಳ ರಾಜ್ಯವೆಂದು ಕರೆಯುತ್ತಾರೆ. ಘಟ್ಟದ ಮೇಲಿನ ಮೆಣಸು ಕೆಳಗಿನ ಬಂದರುಗಳಿಗೆ ಇಳಿಯುವ ದಾರಿಗಳು ಅವರ ಕೈಯಲ್ಲಿದ್ದುದು ಅವರ ಬಲಕ್ಕೆ ಒಂದು ಕಾರಣವಾಗಿತ್ತು. ಕಾರ್ಕಳದಲ್ಲಿ ಆನೆಕೆರೆ, ರಾಮಸಮುದ್ರಗಳಂತಹ ಕೆರೆಗಳೂ, ಹಿರಿಯಂಗಡಿಯಂತಹ ಪೇಟೆಯೂ, ಬಸದಿಗಳೂ ತಲೆಯೆತ್ತಿದವು. ಇವರು ಧರ್ಮದಿಂದ ಜೈನರು. ಆದರೂ ಕಳಸದ ಕಳಸೇಶ್ವರನಿಗೂ ನಡೆದುಕೊಳ್ಳುತ್ತಿದ್ದರು. ಈ ಅರಸರಿಗೆ ಭೈರರಸ ಒಡೆಯರೆಂಬ ಹೆಸರು ರೂಢಿಯಾಯಿತು.

ಒಡೆಯ ಎಂಬ ಮಾತಿಗೆ ಉಳ್ಳವನು, ಸ್ವಾಮ್ಯವುಳ್ಳವನು ಎಂದರ್ಥ. ಆದರೆ ಆ ಕಾಲದ ತುಳುನಾಡಿನಲ್ಲಿ ಒಬ್ಬನೇ ಎಲ್ಲಕ್ಕೂ ಒಡೆಯನಾಗಿರಲಿಲ್ಲ. ಮೇಲೆ ವಿಜಯನಗರದ ಚಕ್ರವರ್ತಿ. ವೀರಪಾಂಡ್ಯನ ಕಾಲದಲ್ಲಿ ಆ ಪಟ್ಟದಲ್ಲಿದ್ದವನು ಇಮ್ಮಡಿ ದೇವರಾಯ. ಚಕ್ರವರ್ತಿಯ ಪರವಾಗಿ ಬಾರಕೂರಿನಲ್ಲಿಯೂ ಮಂಗಳೂರಿನಲ್ಲಿಯೂ ರಾಜ್ಯಪಾಲರಿರುತ್ತಿದ್ದರು. ಅವರ ಕೆಳಗೆ, ಆದರೆ ಬಹುಮಟ್ಟಿಗೆ ತಮ್ಮ ಇಚ್ಛೆಯಂತೆ, ಸ್ಥಳೀಯ ಅರಸರು ಆಳುತ್ತಿದ್ದರು: ಕಾರ್ಕಳದಲ್ಲಿ ಭೈರರಸರು, ಪುತ್ತಿಗೆ ಮೂಡುಬಿದಿರೆಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗವಾಡಿಯಲ್ಲಿ ಬಂಗರು, ಮೂಲ್ಕಿಯಲ್ಲಿ ಸಾವಂತರು. ಕಡಲ ಅಂಚಿನ ಕಾಪುವಿನಂತಹ ಊರುಗಳಲ್ಲಿ ಹೆಗ್ಗಡೆಗಳ ಅಧಿಕಾರವಿತ್ತು. ಒಂದು ದಿನ ನಡೆದರೆ ಎರಡು ಅರಸರ ಗಡಿಯನ್ನು ದಾಟಬಹುದಾದಷ್ಟು ಚಿಕ್ಕ ರಾಜ್ಯಗಳು ಅವು. ಆದರೂ ಬಿರುದುಗಳಿಗೇನೂ ಕಡಿಮೆಯಿರಲಿಲ್ಲ. ಹೊಂಬುಜವನ್ನು ಬಿಟ್ಟು ಶತಮಾನಗಳು ಕಳೆದಿದ್ದರೂ ಭೈರರಸರು ಪಟ್ಟಿಪೊಂಬುಚ್ಚಪುರದ ಅಧೀಶ್ವರರೆಂದು ಶಾಸನಗಳಲ್ಲಿ ಹೇಳಿಸಿಕೊಳ್ಳುವುದನ್ನು ಬಿಡಲಿಲ್ಲ.

ಪಟ್ಟವು ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಕ್ರಮದಲ್ಲಿಯೂ ತುಳುನಾಡಿಗೆ ತನ್ನದೇ ಆದ ಕಟ್ಟಳೆಯಿತ್ತು. ಅದು ಅಳಿಯಕಟ್ಟು, ಅಥವಾ ಅಳಿಯಸಂತಾನ. ಇದರ ಪ್ರಕಾರ ವಂಶವು ಹೆಣ್ಣಿನ ಮೂಲಕ ಮುಂದುವರಿಯುತ್ತದೆ. ಅರಸನ ಪಟ್ಟವು ಅವನ ಮಗನಿಗಲ್ಲದೆ ಸೋದರಿಯ ಮಗನಿಗೆ ಸಲ್ಲುತ್ತದೆ. ಭೈರರಸರ ಮನೆತನದಲ್ಲಿಯೂ ಈ ಪದ್ಧತಿ ನಡೆಯಿತು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ಹಿಂದಿನ ಅರಸನ ಸೋದರಳಿಯನೆಂದು ಆ ಬಸದಿಯ ಶಾಸನ ತಿಳಿಸುತ್ತದೆ. ವೀರಪಾಂಡ್ಯನನ್ನು ಮಾತ್ರ ಕಾರ್ಕಳದ ಶಾಸನಗಳು ಭೈರವೇಂದ್ರನ ಮಗನೆಂದು ಹೆಸರಿಸುತ್ತವೆ. ಈ ಮನೆತನದಲ್ಲಿ ಹೆಂಗಸರು ಆಳಿದ ಉದಾಹರಣೆಗಳೂ ಇವೆ. ಹದಿಮೂರನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಕಳಸದಲ್ಲಿ ರಾಜ್ಯಭಾರ ನಡೆಸಿದರು.

ಇಂತಹ ಆಳ್ವಿಕೆಯನ್ನು ಕನ್ನಡದಲ್ಲಿ ಅರಸೊತ್ತಿಗೆ, ರಾಜಪ್ರಭುತ್ವ ಎಂಬ ಮಾತುಗಳಿಂದ ಕರೆಯುತ್ತಾರೆ. ಯುರೋಪಿನ ಭಾಷೆಗಳಲ್ಲಿ ಇದಕ್ಕೆ ಬಳಸುವ ಮಾನಾರ್ಕಿ ಎಂಬ ಪದ ಗ್ರೀಕ್ ಮೂಲದ್ದು. ಮೋನೋಸ್ ಎಂದರೆ ಒಬ್ಬನೇ, ಆರ್ಖೈನ್ ಎಂದರೆ ಆಳುವುದು. ಒಬ್ಬನೇ ಆಳುವ ಪದ್ಧತಿ ಎಂದು ಅದರ ಅರ್ಥ. ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ಒಬ್ಬನ ಆಳ್ವಿಕೆಯನ್ನು ಎರಡಾಗಿ ವಿಂಗಡಿಸಿದನು. ಎಲ್ಲರ ಹಿತಕ್ಕಾಗಿ ಆಳಿದರೆ ಅದು ಅರಸುತನ. ತನ್ನ ಹಿತಕ್ಕಾಗಿಯೇ ಆಳಿದರೆ ಅದು ದಬ್ಬಾಳಿಕೆ. ನಮ್ಮ ದೇಶದ ಕೌಟಿಲ್ಯನೂ ಪ್ರಜೆಗಳ ಸುಖಕ್ಕಿಂತ ಬೇರೆಯಾದ ಸುಖವು ರಾಜನಿಗಿಲ್ಲವೆಂದು ಅರ್ಥಶಾಸ್ತ್ರದಲ್ಲಿ ಬೋಧಿಸಿದನು. ಆದರೆ ರಾಜಪ್ರಭುತ್ವವಾದ, ಎಂದರೆ ಅರಸನ ಆಳ್ವಿಕೆಯೇ ಇರಬೇಕೆಂದು ಎತ್ತಿಹಿಡಿಯುವ ಪಕ್ಷ, ಒಂದು ರಾಜಕೀಯ ಮಾತಾಗಿ ಬಳಕೆಗೆ ಹರಡಿದ್ದು ಬಹಳ ತಡವಾಗಿ. ಫ್ರಾನ್ಸಿನಲ್ಲಿ 1789ರಲ್ಲಿ ಮಹಾಕ್ರಾಂತಿಯಾಗಿ, 1792ರಲ್ಲಿ ಅರಸುತನವನ್ನೇ ತೆಗೆದುಹಾಕಿದಾಗ ಅರಸನು ಬೇಕೆನ್ನುವವರು, ಬೇಡವೆನ್ನುವವರು ಎಂದು ಎರಡು ಪಕ್ಷಗಳಾದವು. ಬೇಡವೆನ್ನುವವರು ಇಲ್ಲದ ಕಾಲದಲ್ಲಿ ಬೇಕೆಂದು ವಾದಿಸುವ ಅಗತ್ಯವೂ ಇರಲಿಲ್ಲ. ವೀರಪಾಂಡ್ಯನ ಕಾಲದ ಕಾರ್ಕಳದಲ್ಲಿ ಇಂತಹ ವಾದವನ್ನು ಯಾರೂ ಹೂಡಿರಲಾರರು. ಮಳೆಯಂತೆ, ಬಿಸಿಲಿನಂತೆ ಅರಸನೂ ಇರತಕ್ಕವನೆಂದೇ ಜನರು ತಿಳಿದಿದ್ದರು. ಅರಸನು ಹೇಗಿರಬೇಕೆಂಬ ಪ್ರಶ್ನೆ ಮಾತ್ರ ಅಂದಿಗೂ ಇತ್ತು. ಅದಕ್ಕೆ ಜೈನಪುರಾಣಗಳಲ್ಲಿ ಒಂದು ಉತ್ತರವಿತ್ತು.

ಜೈನಪುರಾಣಗಳ ಪ್ರಕಾರ ಈ ಯುಗದ ಆದಿಯಲ್ಲಿ ಅರಸರೇ ಇರಲಿಲ್ಲ. ಬೇಡಿದ್ದನ್ನು ಕೊಡುವ ಕಲ್ಪವೃಕ್ಷಗಳಿದ್ದುದರಿಂದ ಜನರಿಗೆ ಕೊರತೆಯಿರಲಿಲ್ಲ. ಕೊರತೆಯಿಲ್ಲದ ಕಾರಣ ಜಗಳವೂ ಇರಲಿಲ್ಲ. ಕಾಲಕ್ರಮದಲ್ಲಿ ಆ ವೃಕ್ಷಗಳು ಕ್ಷೀಣಿಸಿದವು. ನನ್ನದು ನಿನ್ನದೆಂಬ ಕಲಹಗಳು ಹುಟ್ಟಿದವು. ಆಗ ಕುಲಕರರೆಂಬ ಹಿರಿಯರು ಒಬ್ಬೊಬ್ಬರಾಗಿ ಬಂದು ಜನರಿಗೆ ಕಟ್ಟುಪಾಡುಗಳನ್ನು ಕಲಿಸಿದರು. ಕೊನೆಯ ಕುಲಕರನಾದ ನಾಭಿರಾಜನ ಮಗನೇ ಋಷಭದೇವ. ಆತನು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕಸುಬುಗಳನ್ನು ಜನರಿಗೆ ಹೇಳಿಕೊಟ್ಟು ಮೊದಲ ಅರಸನಾದನು. ಬಳಿಕ ರಾಜ್ಯವನ್ನು ತೊರೆದು ಮೊದಲ ತೀರ್ಥಂಕರನೂ ಆದನು. ಅರಸುತನವು ಆಕಾಶದಿಂದ ಇಳಿದುಬಂದ ವರವಲ್ಲ. ಕೊರತೆಯೂ ಕಲಹವೂ ಹುಟ್ಟಿದಾಗ ಮನುಷ್ಯರಿಗೆ ಬೇಕಾಗಿಬಂದ ಒಂದು ಏರ್ಪಾಡು. ಈ ಕಥೆಯ ತಿರುಳು ಇದು. ಯುರೋಪಿನ ಚಿಂತಕರು ಹದಿನೇಳನೆಯ ಶತಮಾನದಲ್ಲಿ ಪ್ರಭುತ್ವದ ಹುಟ್ಟನ್ನು ಕುರಿತು ಇದನ್ನೇ ಹೋಲುವ ಮಾತುಗಳನ್ನಾಡಿದರು. ಕನ್ನಡದಲ್ಲಿ ಪಂಪನು 941ರಲ್ಲಿಯೇ ತನ್ನ ಆದಿಪುರಾಣದಲ್ಲಿ ಋಷಭದೇವನ ಚರಿತೆಯನ್ನು ಹಾಡಿದ್ದನು.

ಋಷಭದೇವನು ವಿರಕ್ತನಾಗುವಾಗ ಹಿರಿಯ ಮಗನಾದ ಭರತನಿಗೆ ಅಯೋಧ್ಯೆಯನ್ನೂ, ಬಾಹುಬಲಿಗೆ ಪೌದನಪುರವನ್ನೂ ಕೊಟ್ಟನು. ಭರತನ ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿತು. ಅದನ್ನು ಮುಂದಿಟ್ಟುಕೊಂಡು ಅವನು ದಿಕ್ಕುದಿಕ್ಕುಗಳನ್ನು ಗೆದ್ದು ಬಂದನು. ಆದರೆ ಚಕ್ರವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು, ಒಳಕ್ಕೆ ಬರಲೊಲ್ಲದು. ಕಾರಣವೇನೆಂದರೆ ತಮ್ಮಂದಿರು ಇನ್ನೂ ಅವನಿಗೆ ತಲೆಬಾಗಿರಲಿಲ್ಲ. ಉಳಿದ ತಮ್ಮಂದಿರು ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದರು. ಬಾಹುಬಲಿಯು ಮಾತ್ರ ತಂದೆ ಕೊಟ್ಟ ನೆಲಕ್ಕಾಗಿ ಅಣ್ಣನಿಗೆ ಎರಗುವುದಿಲ್ಲವೆಂದನು. ಎರಡು ಸೇನೆಗಳು ಎದುರುಬದುರಾದವು. ಇಬ್ಬರ ಹಟಕ್ಕಾಗಿ ಸಾವಿರಾರು ಜನ ಸಾಯುವುದೇಕೆಂದು ಮಂತ್ರಿಗಳು ನಡುವೆ ಬಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಕಾಳಗಗಳನ್ನು ಅಣ್ಣತಮ್ಮಂದಿರೇ ಮಾಡುವುದೆಂದು ತೀರ್ಮಾನವಾಯಿತು. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಕೊನೆಯಲ್ಲಿ ಅಣ್ಣನನ್ನು ಎರಡು ಕೈಗಳಿಂದ ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸಲಿಲ್ಲ, ಮೆಲ್ಲನೆ ಇಳಿಸಿದನು. ಸೋತ ಸಿಟ್ಟಿನಲ್ಲಿ ಭರತನು ಚಕ್ರವನ್ನೇ ತಮ್ಮನ ಮೇಲೆ ಪ್ರಯೋಗಿಸಿದನು. ಅದು ಬಾಹುಬಲಿಗೆ ಬಲವಂದು ಪಕ್ಕದಲ್ಲಿ ನಿಂತಿತು. ಒಡಹುಟ್ಟಿದವನನ್ನು ಕೊಲ್ಲಲೂ ಹೇಸದಂತೆ ಮಾಡುವ ಈ ರಾಜ್ಯವೆಂತಹದು ಎಂದು ಬಾಹುಬಲಿಗೆ ಜಿಗುಪ್ಸೆ ಹುಟ್ಟಿತು. ಗೆದ್ದದ್ದನ್ನೆಲ್ಲ ಅಣ್ಣನಿಗೇ ಒಪ್ಪಿಸಿ ಕಾಡಿಗೆ ಹೋಗಿ ಒಂದು ವರ್ಷ ನಿಂತಲ್ಲಿಯೇ ನಿಂತನು. ಹುತ್ತಗಳು ಬೆಳೆದವು, ಬಳ್ಳಿಗಳು ಹಬ್ಬಿದವು.

ಈ ಬಾಹುಬಲಿಯನ್ನು ಕರ್ನಾಟಕದಲ್ಲಿ ಗೊಮ್ಮಟನೆಂದು ಕರೆದರು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ಕಡೆಯಿಸಿದ್ದನು. ಆದರೆ ಚಾವುಂಡರಾಯನು ಗಂಗರಸರ ಮಂತ್ರಿಯೂ ಸೇನಾಪತಿಯೂ ಆಗಿದ್ದನೇ ಹೊರತು ಪಟ್ಟವೇರಿದ ಅರಸನಲ್ಲ. ಆ ಬಳಿಕ ನಾಲ್ಕೂವರೆ ಶತಮಾನಗಳವರೆಗೆ ಅಂತಹ ಸಾಹಸಕ್ಕೆ ಸರಿದೊರೆಯಾದುದು ಕರ್ನಾಟಕದಲ್ಲಿ ನಡೆಯಲಿಲ್ಲ. ಅದಕ್ಕೆ ಕೈಯಿಕ್ಕಿದವನು ವೀರಪಾಂಡ್ಯ.

ಅವನನ್ನು ಇದಕ್ಕೆ ಪ್ರೇರಿಸಿದವರು ಗುರುಗಳಾದ ಲಲಿತಕೀರ್ತಿ ಮುನಿಗಳು. ಅವರು ದೇಶೀಗಣಕ್ಕೆ ಸೇರಿದ ಪನಸೋಗೆಯ ಗುರುಪರಂಪರೆಯವರು. ಪನಸೋಗೆಯೆಂದರೆ ಮೈಸೂರು ಜಿಲ್ಲೆಯ ಇಂದಿನ ಹನಸೋಗೆ. ಕಾರ್ಕಳದ ಜೈನಮಠದ ಪೀಠವನ್ನೇರುವವರು ಲಲಿತಕೀರ್ತಿ ಎಂಬ ಹೆಸರನ್ನೇ ಧರಿಸುತ್ತ ಬಂದಿದ್ದಾರೆ. ಅರಸನು ಆಜ್ಞಾಪಿಸುವವನು, ಆದರೆ ಅರಸನಿಗೂ ಆಜ್ಞಾಪಿಸಬಲ್ಲವನೊಬ್ಬನು ಅವನ ಸಭೆಯಲ್ಲಿದ್ದನು. ಅಂದಿನ ಅರಸೊತ್ತಿಗೆಯಲ್ಲಿ ಗುರುವಿನ ಸ್ಥಾನ ಅಲಂಕಾರದ ಸ್ಥಾನವಾಗಿರಲಿಲ್ಲ. ತನಗೆ ಏನೂ ಬೇಡದವನ ಮಾತಿಗೆ ಎಲ್ಲವನ್ನೂ ಉಳ್ಳವನು ಕಿವಿಗೊಡುತ್ತಿದ್ದನು.

ಆ ಕಾಲವೂ ಇಂತಹ ಕೆಲಸಕ್ಕೆ ಅನುಕೂಲವಾಗಿತ್ತು. ವಿಜಯನಗರದ ಆಶ್ರಯದಲ್ಲಿ ಕರಾವಳಿಯ ವ್ಯಾಪಾರ ಬೆಳೆದಿತ್ತು. ಕಾರ್ಕಳಕ್ಕೆ ಹತ್ತಿರದ ಮೂಡುಬಿದಿರೆಯಲ್ಲಿ 1430ರಲ್ಲಿ ಸಾವಿರ ಕಂಬದ ಬಸದಿಯ ಕೆಲಸ ನಡೆಯಿತು. ಅಲ್ಲಿ ಸೆಟ್ಟಿಗಳೂ ಊರವರೂ ಕೂಡಿ ನಡೆಸಿದ ಕಾರ್ಯಕ್ಕೆ ಕಾರ್ಕಳದಲ್ಲಿ ಅರಸನ ಕಾರ್ಯವು ಜೊತೆಯಾಯಿತೆನ್ನಬಹುದು.

ಮೂರ್ತಿಯು ಒಂದೇ ಕಲ್ಲಿನದು. ಅದರ ತೂಕ ಸುಮಾರು 80 ಟನ್ನುಗಳೆಂದು ಅಂದಾಜು ಮಾಡಿದ್ದಾರೆ. ಅದನ್ನು ಬೇರೊಂದು ಕಡೆ ಕಡೆದು ಗುಡ್ಡದ ಮೇಲಕ್ಕೆ ಸಾಗಿಸಿದರೆಂದು ಪರಂಪರೆಯ ಕಥನ. ಇಪ್ಪತ್ತು ಗಾಲಿಗಳ ಬಂಡಿಯನ್ನು ಮಾಡಿ, ಹತ್ತು ಸಾವಿರ ತೆಂಗಿನಕಾಯಿಗಳನ್ನು ಒಡೆದು, ಹಗ್ಗ ಕಟ್ಟಿ ಜನಸಮೂಹವೇ ಎಳೆಯಿತಂತೆ. ಸಂಖ್ಯೆಗಳನ್ನು ಹಾಗೆಯೇ ನಂಬುವುದು ಬೇಡ. ಆದರೆ ಯಂತ್ರಗಳಿಲ್ಲದ ಕಾಲದಲ್ಲಿ ಅಷ್ಟು ಭಾರದ ಕಲ್ಲನ್ನು ಜಾರುವ ಬಂಡೆಯ ಮೇಲೆ ಏರಿಸಬೇಕಾದರೆ ಎಷ್ಟು ಹೆಗಲುಗಳು, ಎಷ್ಟು ಎತ್ತುಗಳು, ಎಷ್ಟು ದಿನಗಳ ಅನ್ನ ಬೇಕಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಗುಡ್ಡದ ಇಳಿಜಾರನ್ನು ಕಣ್ಣಾರೆ ಕಂಡವರಿಗೆ ಆ ಊಹೆ ಕಷ್ಟವಲ್ಲ. ಒಬ್ಬನ ಮಾತಿಗೆ ಅಷ್ಟು ಜನರನ್ನು ಒಂದೇ ಕೆಲಸಕ್ಕೆ ತೊಡಗಿಸುವ ಶಕ್ತಿಯು ಅರಸೊತ್ತಿಗೆಗಿತ್ತು. ಕೋಟೆಯನ್ನು ಕಟ್ಟಿಸಿದ್ದೂ ಆ ಶಕ್ತಿಯೇ, ಊರನ್ನು ಸುಡಿಸಿದ್ದೂ ಆ ಶಕ್ತಿಯೇ. ಇಲ್ಲಿ ಅದು ಗೊಮ್ಮಟನನ್ನು ನಿಲ್ಲಿಸಿತು.

ಶಾಲಿವಾಹನ ಶಕ 1353ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ, ಎಂದರೆ 1432ನೆಯ ಇಸವಿ ಫೆಬ್ರವರಿ 13ರಂದು ಮೂರ್ತಿಯ ಪ್ರತಿಷ್ಠೆಯಾಯಿತು. ಈ ಸಂಗತಿಯನ್ನು ಹೇಳುವ ಶಾಸನಗಳು ಮೂರ್ತಿಯ ಪಕ್ಕಗಳಲ್ಲಿವೆ. ಒಂದು ಸಂಸ್ಕೃತದಲ್ಲಿ, ಇನ್ನೊಂದು ಕನ್ನಡದಲ್ಲಿ. ಭೈರವೇಂದ್ರನ ಮಗನೂ ಚಂದ್ರವಂಶದವನೂ ಆದ ವೀರಪಾಂಡ್ಯನು ಬಾಹುಬಲಿಯ ಬಿಂಬವನ್ನು ಮಾಡಿಸಿದನೆಂಬುದು ಅವುಗಳ ಸಾರ. ದಿಗ್ವಿಜಯಗಳ ಪಟ್ಟಿಯಾಗಲಿ ಕೊಂದ ವೈರಿಗಳ ಹೆಸರುಗಳಾಗಲಿ ಅಲ್ಲಿಲ್ಲ. ಕಟ್ಟಳೆಯಂತೆ ತನ್ನ ಹೆಸರನ್ನು ಬರೆಯಿಸಿದ ಅರಸನು ಅದನ್ನು ಮೂರ್ತಿಯ ಬಳಿಯೇ, ಆದರೆ ಮೂರ್ತಿಯೆದುರು ಬಹು ಚಿಕ್ಕದಾಗಿ ತೋರುವ ಅಕ್ಷರಗಳಲ್ಲಿ ಬರೆಯಿಸಿದನು.

ನಾಲ್ಕು ವರ್ಷಗಳ ನಂತರ, 1436ರಲ್ಲಿ, ಮೂರ್ತಿಯ ಎದುರಿಗೆ ಬ್ರಹ್ಮದೇವರ ಕಂಬವನ್ನು ನಿಲ್ಲಿಸಿದನು. ಅದರ ಶಾಸನದಲ್ಲಿಯೂ ಜಿನದತ್ತನ ವಂಶ, ಭೈರವನ ಮಗ ಎಂಬ ಮಾತುಗಳೇ ಬರುತ್ತವೆ. ಅವನ ಕಾಲದ ಕಾರ್ಕಳದಲ್ಲಿ ಸಾಹಿತ್ಯವೂ ಬೆಳೆಯಿತು. ಲಲಿತಕೀರ್ತಿಗಳ ಶಿಷ್ಯನಾದ ಕಲ್ಯಾಣಕೀರ್ತಿಯು 1439ರಲ್ಲಿ ಜ್ಞಾನಚಂದ್ರಾಭ್ಯುದಯವೆಂಬ ಕಾವ್ಯವನ್ನು ರಚಿಸಿದನು.

ಗೆದ್ದ ರಾಜ್ಯವನ್ನು ಬಿಟ್ಟವನನ್ನು ಆಳುವ ಅರಸನೊಬ್ಬನು ಪೂಜಿಸಿದುದರ ಅರ್ಥವೇನು? ವೀರಪಾಂಡ್ಯನು ತಾನೇ ಪಟ್ಟವನ್ನು ತೊರೆದು ಕಾಡಿಗೆ ಹೋದವನಲ್ಲ. ಮೂರ್ತಿಯನ್ನು ನಿಲ್ಲಿಸಿ ಇಳಿದುಬಂದು ಅದೇ ಅರಮನೆಯಲ್ಲಿ ಅದೇ ಕಂದಾಯವನ್ನು ಎಣಿಸಿರಬೇಕು. ಇದನ್ನು ಕಪಟವೆಂದು ತಿಳಿಯುವುದು ಸರಿಯಲ್ಲ. ಅಧಿಕಾರದ ಮೇಲೆ ಕಟ್ಟುಪಾಡು ಹೇರುವ ಶಾಸನಸಭೆಯಾಗಲಿ ಸಂವಿಧಾನವಾಗಲಿ ಇಲ್ಲದ ಕಾಲವದು. ಅರಸನನ್ನು ತಡೆಯಬಲ್ಲದ್ದು ಅವನ ಧರ್ಮಬುದ್ಧಿಯೊಂದೇ. ರಾಜಧಾನಿಯ ಯಾವ ಬೀದಿಯಲ್ಲಿ ನಿಂತರೂ ಕಣ್ಣಿಗೆ ಬೀಳುವಂತೆ ರಾಜ್ಯವನ್ನು ತೃಣವೆಂದು ಬಗೆದವನನ್ನು ನಿಲ್ಲಿಸಿದ್ದು ಆ ಧರ್ಮಬುದ್ಧಿಗೆ ಕೊಟ್ಟ ಒಂದು ರೂಪ. ಜೊತೆಗೆ, ಇಷ್ಟು ದೊಡ್ಡ ಮೂರ್ತಿಯನ್ನು ನಿಲ್ಲಿಸಿದವನೆಂಬ ಕೀರ್ತಿಯ ಆಸೆಯೂ ಇದ್ದಿರಬೇಕೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ತ್ಯಾಗದ ಮೂರ್ತಿಗೂ ಅರಸನ ಹೆಮ್ಮೆಗೂ ನಂಟು ಬೆಳೆಯಿತೆಂಬುದಕ್ಕೆ ಮುಂದಿನ ಶತಮಾನಗಳ ಕಥೆಗಳೇ ಸಾಕ್ಷಿ.

ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದನೆಂದು ಹೇಳುತ್ತಾರೆ. ಅವನು ತನ್ನ ಭರತೇಶವೈಭವದಲ್ಲಿ ಬಾಹುಬಲಿಯ ಬದಲು ಭರತನನ್ನೇ ನಾಯಕನನ್ನಾಗಿ ಮಾಡಿದನು. ಅವನ ಭರತನು ಅರಮನೆಯಲ್ಲಿದ್ದುಕೊಂಡೇ ಯೋಗಿಯಾದವನು. ಅಣ್ಣತಮ್ಮಂದಿರ ಕಾಳಗವನ್ನೂ ಕವಿಯು ಬದಲಿಸಿದನು; ಭರತನ ಒಳ್ಳೆಯ ಮಾತಿಗೇ ಬಾಹುಬಲಿಯ ಮನಸ್ಸು ಕರಗುತ್ತದೆ. ರಾಜ್ಯವನ್ನು ಬಿಡುವುದು ದೊಡ್ಡದೋ, ರಾಜ್ಯದಲ್ಲಿದ್ದುಕೊಂಡೇ ಅಂಟದಿರುವುದು ದೊಡ್ಡದೋ? ಗುಡ್ಡದ ಮೇಲಿನ ಕಲ್ಲು ಒಂದು ಉತ್ತರವನ್ನು ಹೇಳಿದರೆ ನೂರು ವರ್ಷಗಳಾಚೆಗೆ ಅದೇ ನಾಡಿನ ಕಾವ್ಯ ಇನ್ನೊಂದು ಉತ್ತರವನ್ನು ಹೇಳಿತು.

1604ರಲ್ಲಿ ವೇಣೂರಿನ ಅರಸನಾದ ತಿಮ್ಮಣ್ಣ ಅಜಿಲನು ಸುಮಾರು 35 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದನು. ಆಗ ಕಾರ್ಕಳವನ್ನು ಆಳುತ್ತಿದ್ದ ಭೈರರಸನಿಗೆ ಇದು ಸಹಿಸಲಿಲ್ಲವೆಂದು ಐತಿಹ್ಯ. ಕಾರ್ಕಳದ ಕೀರ್ತಿಗೆ ಕುಂದು ಬರುವುದೆಂದು ಬಗೆದು, ಮೂರ್ತಿಯನ್ನು ನಿಲ್ಲಿಸಬಾರದು, ತನ್ನಲ್ಲಿಗೆ ಕಳುಹಿಸಬೇಕು ಎಂದು ಹೇಳಿಕಳುಹಿಸಿದನು. ಅಜಿಲನು ಒಪ್ಪಲಿಲ್ಲ. ಯುದ್ಧವೇ ನಡೆಯಿತು. ಅಜಿಲನು ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟು ಕಾಪಾಡಿ, ಗೆದ್ದ ಬಳಿಕ ಪ್ರತಿಷ್ಠಾಪಿಸಿದನಂತೆ. ಅಣ್ಣತಮ್ಮಂದಿರ ರಾಜ್ಯದಾಸೆಗೆ ಬೇಸತ್ತು ಎಲ್ಲವನ್ನೂ ತೊರೆದವನ ಮೂರ್ತಿಗಾಗಿ ಇಬ್ಬರು ಅರಸರು ಕಾದಾಡಿದರೆಂದರೆ ಅದಕ್ಕಿಂತ ವಿಪರ್ಯಾಸವಿಲ್ಲ.

ತುಳು ಪಾಡ್ದನಗಳಲ್ಲಿ ಕಾರ್ಕಳದ ಅರಸನ ವಿಷಯ ಇನ್ನೂ ಕಠೋರವಾಗಿದೆ. ಬೀರ ಕಲ್ಕುಡನೆಂಬ ಶಿಲ್ಪಿಯು ಕಾರ್ಕಳಕ್ಕೆ ಬಂದು ಅರಸನ ಅಪ್ಪಣೆಯಂತೆ ಗೊಮ್ಮಟನನ್ನು ಕಡೆದನು. ಕೆಲಸ ಮುಗಿದಾಗ, ಇಂತಹ ಮೂರ್ತಿ ಬೇರೆಲ್ಲಿಯೂ ಆಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಶಿಲ್ಪಿಯು ಎದೆಗುಂದಲಿಲ್ಲ. ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಿಂದ ಇನ್ನೊಬ್ಬ ಗೊಮ್ಮಟನನ್ನು ಕಡೆದನು. ಅಣ್ಣನ ಗತಿಯನ್ನು ಕಂಡ ತಂಗಿ ಕಲ್ಲುರ್ಟಿಯು ಅರಸನ ಮೇಲೆ ಸೇಡು ತೀರಿಸಲು ಪಣತೊಟ್ಟಳು. ಅಣ್ಣತಂಗಿಯರಿಬ್ಬರೂ ದೈವಗಳಾಗಿ ಅರಮನೆಯನ್ನು ಕಾಡಿದರು. ಇಂದಿಗೂ ತುಳುನಾಡಿನಲ್ಲಿ ಕಲ್ಕುಡ ಕಲ್ಲುರ್ಟಿಯರಿಗೆ ಕೋಲ ನಡೆಯುತ್ತದೆ.

ಇದು ಇತಿಹಾಸವಾಗಲಾರದೆಂಬುದನ್ನು ಲೆಕ್ಕವೇ ತೋರಿಸುತ್ತದೆ. ಕಾರ್ಕಳದ ಮೂರ್ತಿಗೂ ವೇಣೂರಿನ ಮೂರ್ತಿಗೂ ನಡುವೆ 172 ವರ್ಷಗಳ ಅಂತರವಿದೆ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ವೀರಪಾಂಡ್ಯನು ಯಾರ ಕೈಯನ್ನೂ ಕಡಿಸಿದನೆಂಬುದಕ್ಕೆ ಶಾಸನದ ಆಧಾರವಿಲ್ಲ. ಆ ಪಾಪವನ್ನು ಅವನ ತಲೆಗೆ ಕಟ್ಟುವುದು ಅನ್ಯಾಯವಾದೀತು. ಆದರೂ ಪಾಡ್ದನವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಶಾಸನವನ್ನು ಬರೆಯಿಸಿದವನು ಅರಸ. ಪಾಡ್ದನವನ್ನು ಕಟ್ಟಿದವರು ಕಲ್ಲು ಹೊತ್ತವರ, ಗದ್ದೆ ಉತ್ತವರ ಮಕ್ಕಳು. ಶಾಸನದಲ್ಲಿ ಅರಸನ ಹೆಸರಿದೆ, ಗುರುವಿನ ಹೆಸರಿದೆ. ಕಡೆದ ಶಿಲ್ಪಿಯ ಹೆಸರು ಕಾಣುವುದಿಲ್ಲ. ಶಾಸನವು ಬಿಟ್ಟ ಆ ಹೆಸರನ್ನೇ ಪಾಡ್ದನವು ಹಿಡಿದು ಹಾಡಿತು. ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರವಿದ್ದಾಗ ಇತರರ ಕೈಗಳಿಗೆ ಏನಾಗಬಹುದೆಂಬ ಭಯವನ್ನು ಅದು ಮರೆಯದೆ ಉಳಿಸಿಕೊಂಡಿತು.

ಅಧಿಕಾರವನ್ನು ಬಿಟ್ಟುಕೊಡುವ ಮಾತು ಬಂದಾಗ ಉಡುಪಿಯ ಪದ್ಧತಿಯನ್ನೂ ನೆನೆಯಬಹುದು. ಅಲ್ಲಿಯ ಕೃಷ್ಣಮಠದ ಪೂಜೆಯ ಅಧಿಕಾರವನ್ನು ಮಧ್ವಾಚಾರ್ಯರು ಎಂಟು ಮಠಗಳ ಯತಿಗಳಿಗೆ ಸರದಿಯಂತೆ ವಹಿಸಿದ್ದರು. ಎರಡೆರಡು ತಿಂಗಳ ಆ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಸೋದೆಮಠದ ವಾದಿರಾಜರು ಎರಡೆರಡು ವರ್ಷಗಳಿಗೆ ವಿಸ್ತರಿಸಿದರು. ಪರ್ಯಾಯಪೀಠವನ್ನೇರಿದವರು ಮೆರವಣಿಗೆಯಲ್ಲಿ ಬಂದು ಪಟ್ಟವೇರಿದರೂ ಎರಡು ವರ್ಷ ತುಂಬಿದ ದಿನ ಕೀಲಿಕೈಯನ್ನು ಮುಂದಿನವರಿಗೆ ಒಪ್ಪಿಸಿ ಇಳಿಯಬೇಕು. ಅದು ಅರಸೊತ್ತಿಗೆಯಲ್ಲ, ಧರ್ಮಪೀಠ. ಆದರೆ ಹುಟ್ಟಿನಿಂದ ಬಂದು ಸಾವಿನವರೆಗೂ ಉಳಿಯುವ ಪಟ್ಟವೊಂದೇ ಅಂದಿನ ಜನರಿಗೆ ತಿಳಿದಿತ್ತೆಂದು ಭಾವಿಸಬಾರದು.

ಭೈರರಸರ ರಾಜ್ಯವು ಕೆಳದಿಯ ನಾಯಕರ ಏಳಿಗೆಯೊಡನೆ ಕುಗ್ಗಿತು. ವೆಂಕಟಪ್ಪನಾಯಕನು ತುಳುನಾಡಿನ ಅರಸರನ್ನು ಒಬ್ಬೊಬ್ಬರನ್ನಾಗಿ ತನ್ನ ಅಧೀನಕ್ಕೆ ತಂದನು. ಆದರೂ 1646ರಲ್ಲಿ ಆಗಿನ ಭೈರರಸನು ಕಾರ್ಕಳದ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕವನ್ನು ಮಾಡಿಸಿದನು. ಚಂದ್ರಮನೆಂಬ ಕವಿಯು ಕಾರ್ಕಳದ ಗೊಮ್ಮಟೇಶ್ವರಚರಿತೆಯಲ್ಲಿ ಅದನ್ನು ವರ್ಣಿಸಿದ್ದಾನೆ. 1763ರಲ್ಲಿ ಕೆಳದಿಯವರ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅರಸರ ಜಾಗಕ್ಕೆ ಕಲೆಕ್ಟರರು ಬಂದರು. ಮೊದಲ ಕಲೆಕ್ಟರನಾದವನು ಥಾಮಸ್ ಮನ್ರೋ. ಕಾರ್ಕಳದ ಜನರಿಗೆ ಹತ್ತಿರದ ಅರಸನು ಹೋಗಿ, ಕಡಲಾಚೆಯ ಅರಸನೊಬ್ಬನು ಬಂದಂತಾಯಿತು. ಮೈಸೂರಿನಲ್ಲಿ ಮಾತ್ರ ಒಡೆಯರ ಆಳ್ವಿಕೆ ಮುಂದುವರಿದು, 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಿತು. ಅದೇ ವರ್ಷ ಜನಪ್ರತಿನಿಧಿಗಳ ಮಂತ್ರಿಮಂಡಲ ಬಂದಿತು. 1950ನೆಯ ಜನವರಿ 26ರಂದು ಭಾರತವು ಗಣರಾಜ್ಯವಾಯಿತು. ಹಿಂದಿನ ರಾಜರುಗಳಿಗೆ ಸಲ್ಲುತ್ತಿದ್ದ ರಾಜಧನವನ್ನೂ 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ನಿಲ್ಲಿಸಲಾಯಿತು.

ಅಷ್ಟರಲ್ಲಿ ಭೈರರಸರ ಅರಮನೆಯ ವೈಭವ ಎಂದೋ ಮಣ್ಣುಗೂಡಿತ್ತು. ಗೊಮ್ಮಟನಿಗೆ ಮಾತ್ರ ಅಭಿಷೇಕ ನಿಲ್ಲಲಿಲ್ಲ. ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ಮೂರ್ತಿಯ ಹಿಂದೆ ಅಟ್ಟಣಿಗೆಯನ್ನು ಕಟ್ಟಿ, ನೀರು, ಹಾಲು, ಎಳನೀರು, ಕಬ್ಬಿನ ರಸ, ಅರಿಸಿನ, ಗಂಧಗಳನ್ನು ನೆತ್ತಿಯ ಮೇಲೆ ಎರೆಯುತ್ತಾರೆ. 2015ರ ಜನವರಿಯಲ್ಲಿ ನಡೆದ ಮಹಾಮಸ್ತಕಾಭಿಷೇಕದಲ್ಲಿ ದೂರದೂರದ ಊರುಗಳ ಭಕ್ತರು ಬಂಡೆಯಲ್ಲಿ ಕಡೆದ ಮೆಟ್ಟಿಲುಗಳನ್ನೇರಿ, ವೀರಪಾಂಡ್ಯನು ಬರೆಯಿಸಿದ ಅಕ್ಷರಗಳ ಪಕ್ಕದಲ್ಲಿಯೇ ಹಾದು, ಕಲಶಗಳನ್ನು ಮೇಲಕ್ಕೆ ಒಯ್ದರು.